ಅಕ್ಕಿ ಡಬ್ಬದೊಳಗಿನ ಬಾಟಲಿ

ಹನ್ನೆರಡು ದಿನದಿಂದ ಮಲ್ಲಿಕಾರ್ಜುನಯ್ಯನವರ ಪ್ರಾಣ ಹಿಂಡುತ್ತಿದ್ದದ್ದು ಒಂದು ಬೀಗ. ಹದಿಮೂರನೆಯ ದಿನ ಅದರ ಜೊತೆಗೆ ಬೆರಳುದ್ದದ ಒಂದು ಗಾಜಿನ ಬಾಟಲಿಯೂ ಸೇರಿಕೊಂಡಿತು.

ಬೀಗದ ಸಮಾಚಾರ ಇಷ್ಟು. ಚಾಮರಾಜಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯೊಂದರ ಪಕ್ಕದ ಸಂದಿಯೊಳಗೆ ಎಂಟು ಮನೆಗಳ ವಠಾರ. ಬೀದಿಯ ಪೈಪಿನ ನೀರು ಆ ಸಂದಿ ಹೊಕ್ಕು ಒಳಗೆ ಬರುವಷ್ಟರಲ್ಲಿ ಮೆಟ್ಟಿಲು ಹತ್ತಿದ ಮುದುಕನ ಹಾಗೆ ಉಸಿರು ಕಳೆದುಕೊಳ್ಳುತ್ತಿತ್ತು. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ಎಂಟೂ ಮನೆಯವರ ಬಾಯಾರಿಕೆ ನೀಗಿಸುತ್ತಿದ್ದದ್ದು ಅಂಗಳದ ಬೋರ್‌ವೆಲ್ಲು. ಕಳೆದ ತಿಂಗಳು ಸಂದಿಯ ಬಾಯಲ್ಲಿ ಚರಂಡಿ ಅಗೆದು ಮುಚ್ಚಿದರು. ಅದಾದ ವಾರಕ್ಕೆ ವಠಾರದಲ್ಲಿ ಮೂವರಿಗೆ ಹೊಟ್ಟೆ ಕೆಟ್ಟಿತು. ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಒಂದು ಕಾಗದವನ್ನೂ ತಪ್ಪು ಮನೆಗೆ ಕಳಿಸದ ಮಲ್ಲಿಕಾರ್ಜುನಯ್ಯನವರು ವಠಾರದ ನೀರಿನ ಕಾರ್ಯದರ್ಶಿ. ಅವರು ಅಂದೇ ಸಂಜೆ ಕುಡಿಯುವ ನೀರಿನ ನಲ್ಲಿಗೆ ಸರಪಳಿ ಸುತ್ತಿ ಬೀಗ ಜಡಿದು, ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಎಲ್ಲರೂ ಕೈಚಪ್ಪಾಳೆ ತಟ್ಟಿದ ಹುರುಪಿನಲ್ಲಿ, "ನೀರು ಶುದ್ಧ ಅಂತ ರುಜುವಾತಾಗೋವರ್ಗೂ ಯಾರ್ಗೂ ತೊಂದ್ರೆ ಆಗಬಾರ್ದು. ಮೂಲೆ ಅಂಗಡಿಯಿಂದ ಕ್ಯಾನ್ ನೀರು ನಾನೇ ತಂದು ಮನೆಮನೆಗೆ ಇಳಿಸ್ತೀನಿ," ಎಂದುಬಿಟ್ಟರು.

ಯಾರೂ ಬೇಡವೆನ್ನಲಿಲ್ಲ.

ಅಂದಿನಿಂದ ದಿನಕ್ಕೆ ಎಂಟು ಕ್ಯಾನು. ಅದರಲ್ಲಿ ನಾಲ್ಕು ಮಹಡಿ ಮೇಲೆ. ಅರವತ್ತನಾಲ್ಕು ವರ್ಷದ ಬೆನ್ನು ಹಳೆಯ ಮಡಿಚುವ ಕುರ್ಚಿಯ ಹಾಗೆ ಕಿರುಗುಟ್ಟತೊಡಗಿತು. ವಠಾರದವರಿಗೆ ಕೃತಜ್ಞತೆ ಇಲ್ಲದೆ ಇರಲಿಲ್ಲ, ಇದ್ದದ್ದು ಅತಿಯಾಗಿಯೇ. ಕ್ಯಾನು ಇಳಿಸಿದ ಪ್ರತಿ ಮನೆಯಲ್ಲೂ ಒಂದೊಂದು ಲೋಟ ಕಾಫಿ. ಬೇಡವೆಂದರೆ ಬೇಸರಪಡುತ್ತಾರೆ. ಹೀಗೆ ದಿನಕ್ಕೆ ಏಳು ಕಾಫಿ ಕುಡಿದು, ರಾತ್ರಿಯೆಲ್ಲ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡು, ಮಧ್ಯಾಹ್ನ ಕೂತಲ್ಲೇ ತೂಕಡಿಸುವುದು ಅವರ ದಿನಚರಿಯಾಯಿತು.

ಬಾಟಲಿಯನ್ನು ಕೊಟ್ಟವಳು ಮೂರನೇ ಮನೆ ಸಿದ್ದಮ್ಮನವರ ಮಗಳು ಲಾಸ್ಯಾ. ಪ್ರಯೋಗಾಲಯದಲ್ಲಿ ಕೆಲಸ. "ಅಂಕಲ್, ಇದರೊಳ್ಗೆ ಔಷಧಿ ಪುಡಿ ಇದೆ. ಗೆರೆವರ್ಗೂ ನೀರು ತುಂಬಿ ಮುಚ್ಚಳ ಹಾಕಿ, ಬೆಚ್ಚಗಿರೋ ಕಡೆ ಇಡಿ. ಟೀ ಬಣ್ಣ ಬರುತ್ತೆ, ಹೆದರ್ಬೇಡಿ. ನಾಳೆ ಸಂಜೆ ನಾನೇ ಬಂದು ನೋಡ್ತೀನಿ. ಕಪ್ಪಾಗಿದ್ರೆ ನೀರಲ್ಲಿ ಕೊಳೆ ಸೇರಿದೆ ಅಂತ. ಹಾಗೇ ಇದ್ರೆ ಬೀಗ ತೆಗೀಬಹುದು."

ಬೀಗ ತೆಗೆಯಬಹುದು! ಮಲ್ಲಿಕಾರ್ಜುನಯ್ಯನವರಿಗೆ ಆ ಮಾತು ಬೆನ್ನಿಗೆ ಬಿಸಿನೀರು ಹೊಯ್ದಷ್ಟು ಹಿತವಾಯಿತು. ಎಂಟನೇ ಕ್ಯಾನು ಇಳಿಸಿ ಬಂದು, "ಹತ್ತು ನಿಮಿಷ ಮಲಗಿ ಎದ್ದು ತುಂಬ್ತೀನಿ ಕಣೇ," ಎಂದು ಹೆಂಡತಿಗೆ ಹೇಳಿ ಒರಗಿದವರು ಎದ್ದಾಗ ದೀಪ ಹಚ್ಚುವ ಹೊತ್ತು. ಗಡಬಡಿಸಿ ಎದ್ದು ನೋಡಿದರೆ ಬಾಟಲಿ ತುಂಬಿ ಕಿಟಕಿಯ ಮೇಲೆ ಕೂತಿದೆ.

"ನಾನೇ ತುಂಬಿಟ್ಟೆ," ಎಂದರು ಗಿರಿಜಾಂಬಾ. "ನಿಮ್ಮನ್ನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ದೇವ್ರಂಥೋಳು ಕಣೇ ನೀನು," ಎಂದು ಮಲ್ಲಿಕಾರ್ಜುನಯ್ಯನವರು ಉಡಿದಾರದ ಕೀಲಿ ಸವರಿಕೊಂಡು ಮತ್ತೆ ಮಲಗಿದರು.

ಮರುದಿನ ಬೆಳಗ್ಗೆ ಏಳಕ್ಕೆಲ್ಲ ಕಿಟಕಿಯ ಮುಂದೆ ಜನ. ಹೆರಿಗೆಯಾದ ಮನೆಗೆ ಕೂಸು ನೋಡಲು ಬಂದಂತೆ ಒಬ್ಬೊಬ್ಬರೇ ಬಗ್ಗಿ ಬಗ್ಗಿ ನೋಡಿದರು.

"ಬಣ್ಣ ಒಂಚೂರು ಇಳಿದಂಗಿದೆ," ಎಂದ ಮಹಡಿ ಮೇಲಿನ ಆತ್ರೇಯ. ಇನ್ಶೂರೆನ್ಸ್ ಕಂಪನಿಯ ನೌಕರ. ಅರ್ಧ ದಿನ ಮನೆಯಿಂದಲೇ ಕೆಲಸ, ಉಳಿದರ್ಧ ದಿನ ವಠಾರದ ವಾಟ್ಸಾಪ್ ಗುಂಪಿನಲ್ಲಿ ಕೆಲಸ. ಮೊದಲು ಹೊಟ್ಟೆ ಕೆಟ್ಟ ಮೂವರಲ್ಲಿ ಅವನೂ ಒಬ್ಬ. ಕ್ಯಾನ್ ನೀರು ಕುಡಿಯತೊಡಗಿದ ಮೇಲೂ ಎರಡು ಸಲ ಮಲಗಿದ್ದ, ಉಳಿದವರಿಗೂ ಒಬ್ಬರಾದ ಮೇಲೊಬ್ಬರಿಗೆ ಹೊಟ್ಟೆ ಕೆಟ್ಟಿತ್ತು. ಬೋರಿನ ಹಳೇ ವಿಷ ಇನ್ನೂ ಮೈಯಲ್ಲಿದೆ ಎಂದು ವಠಾರ ತೀರ್ಮಾನಿಸಿತ್ತು. ಅವನು ಬಾಟಲಿಯ ಫೋಟೋ ತೆಗೆದು "ಬೆಳಗ್ಗೆ 7.10, ಸ್ಥಿತಿ ಸ್ಥಿರ" ಎಂದು ಗುಂಪಿಗೆ ಹಾಕಿದ.

"ಲಾಸ್ಯಾ ಬೆಚ್ಚಗಿಡಿ ಅಂದ್ಲಲ್ವೇ? ಕಿಟಕೀಲಿ ಗಾಳಿ ಹೊಡೀತಿದೆ!" ಎಂದು ಗದರಿದವರು ಎದುರು ಮನೆಯ ರಂಗನಾಯಕಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಮ್ಮ ಮೊಮ್ಮಗುವಿನ ಹಳೆಯ ಉಣ್ಣೆ ಟೋಪಿ ತಂದು ಬಾಟಲಿಗೆ ತೊಡಿಸಿಯೇಬಿಟ್ಟರು. ಗಿರಿಜಾಂಬಾ ತಮ್ಮ ಪಾಲಿಗೆ ಅದರ ಗಾಜಿನ ಹಣೆಗೆ ಮೂರು ಬೆರಳು ವಿಭೂತಿ ಎಳೆದರು.

ಮಲ್ಲಿಕಾರ್ಜುನಯ್ಯನವರು ಅದಕ್ಕೆ ಕೈಮುಗಿದು, "ಸಂಜೆವರ್ಗೂ ಮರ್ಯಾದೆ ಒಂದು ಉಳಿಸಪ್ಪ," ಎಂದು ಕ್ಯಾನು ತರಲು ಹೊರಟರು.

ಹನ್ನೊಂದಕ್ಕೆ ಗಿರಿಜಾಂಬಾ ಹೂವಿಗೆಂದು ಮಾರ್ಕೆಟ್ಟಿಗೆ ಹೋದರು. ಹನ್ನೆರಡಕ್ಕೆ ಆರನೇ ಕ್ಯಾನು ಇಳಿಸಿ, ಐದನೇ ಕಾಫಿ ಕುಡಿದು, ಸೊಂಟ ಹಿಡಿದುಕೊಂಡು ಮಲ್ಲಿಕಾರ್ಜುನಯ್ಯನವರು ಮನೆಗೆ ಬಂದರು. ಕಿಟಕಿ ನೋಡಿದರು. ಟೋಪಿ ಇಲ್ಲ. ಬಾಟಲಿ ಇದೆ.

ಬಾಟಲಿ ಕಪ್ಪಗಿದೆ.

ಸುಮಾರಾದ ಕಪ್ಪಲ್ಲ. ಅಮಾವಾಸ್ಯೆಯನ್ನು ಹಿಂಡಿ ತುಂಬಿದ ಹಾಗಿದೆ.  ಬೋರು ಕೆಟ್ಟಿದೆ. ಅಂದರೆ ಈ ಕ್ಯಾನು ಇನ್ನು ಹನ್ನೆರಡು ದಿನವಲ್ಲ, ಹನ್ನೆರಡು ವರ್ಷ. ತಾವು ಎಪ್ಪತ್ತೈದು ದಾಟಿ ಕೋಲೂರಿಕೊಂಡು, ಹೆಗಲ ಮೇಲೆ ಕ್ಯಾನು ಹೊತ್ತು ಮಹಡಿ ಹತ್ತುತ್ತಿರುವ ಚಿತ್ರ ಕಣ್ಣೆದುರಿಗೆ ಬಂತು. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಬಚ್ಚಿಡೋಣವೆಂದು ಕೈ ಹಾಕುವಷ್ಟರಲ್ಲಿ ಆತ್ರೇಯ ಹಾಜರು.

"ಹನ್ನೆರಡರ ಫೋಟೋ ತಗೊಳ್ಳೋಕೆ ಬಂದೆ ಸಾರ್... ಅಯ್ಯಯ್ಯೋ!"

"ಕೂಗ್ಬೇಡಪ್ಪ!"

"ಬರೀ ಕಪ್ಪಲ್ಲ ಸಾರ್. ತಳದಲ್ಲಿ ನೋಡಿ, ಗಸಿ ಕೂತಿದೆ. ಇದು ಚರಂಡೀದೇ! ಇದನ್ನ ಕುಡಿದಿದ್ದೀವಲ್ಲ ಸಾರ್ ನಾವು!" ಎಂದು ಹೊಟ್ಟೆ ಹಿಡಿದುಕೊಂಡೇ ಫೋಟೋ ಹೊಡೆದು ಗುಂಪಿಗೆ ಹಾಕಿದ.

ಮುಂದಿನ ಹತ್ತು ನಿಮಿಷ ವಠಾರದಲ್ಲಿ ನಡೆದದ್ದನ್ನು ಹೇಳತೀರದು. ಒಬ್ಬರು ಬೋರ್ ನೀರಿನಲ್ಲಿ ತೊಳೆದ ಸೊಪ್ಪನ್ನು ಬೀದಿಗೆ ಎಸೆದರು. ಇನ್ನೊಬ್ಬರು ಕುದಿಯುತ್ತಿದ್ದ ಸಾರನ್ನೇ ಮೋರಿಗೆ ಸುರಿದರು. ಯಾರೋ ಮನೆ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು ಎಂದಿನಂತೆ ಫೋನ್ ಎತ್ತಲಿಲ್ಲ. ನಡುವೆ ಮಲ್ಲಿಕಾರ್ಜುನಯ್ಯನವರು ಮೆಟ್ಟಿಲ ಮೇಲೆ ಕೂತು, ಬಾಟಲಿಯನ್ನು ಅಂಗೈಯಲ್ಲಿಟ್ಟುಕೊಂಡು ಮೌನವಾಗಿ ದುಃಖಿಸುತ್ತಿದ್ದರು.

"ನೀವ್ ಅಳ್ಬೇಡಿ ಸಾರ್," ಎಂದು ಆತ್ರೇಯ ಭುಜ ತಟ್ಟಿದ. "ನಿಮ್ಮ ಉಪಕಾರ ನಾವು ಸಾಯೋವರ್ಗೂ ಮರೆಯಲ್ಲ. ಕ್ಯಾನ್ ತರೋಕೆ ನೀವಿದ್ದೀರಲ್ಲ, ಅದೇ ಧೈರ್ಯ."

ಅದನ್ನು ಕೇಳಿ ಮಲ್ಲಿಕಾರ್ಜುನಯ್ಯನವರಿಗೆ ಇನ್ನಷ್ಟು ಅಳು ಬಂತು.

ಗಲಾಟೆಗೆ ಸಿದ್ದಮ್ಮ ಹೊರಗೆ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು; ಬಾಟಲಿಗಳಿಗೆ ಹೆದರುವವರಲ್ಲ. "ಕೊಡಿ ಇಲ್ಲಿ," ಎಂದು ಕಿತ್ತುಕೊಂಡು, ಮುಚ್ಚಳ ತಿರುವಿ, ಮೂಗಿನ ಹತ್ತಿರ ಹಿಡಿದರು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ಇದ್ರಲ್ಲಿ ಒಂದೇ ದೋಷ ಇರೋದು," ಎಂದರು ಸಿದ್ದಮ್ಮ.

"ಏನು? ಏನು?"

"ಚಿಕೋರಿ ಜಾಸ್ತಿ. ಕಾಫಿ ಡಿಕಾಕ್ಷನ್ ಇದು."

ಆಗಲೇ ಸಂದಿಯಿಂದ ರಂಗನಾಯಕಿ ಒಳಗೆ ಕಾಲಿಟ್ಟರು. "ಯಾರ್ರೀ ಅದು ಚಿಕೋರಿ ಜಾಸ್ತಿ ಅಂದಿದ್ದು? ನಿನ್ನೆ ಅಳಿಯಂದ್ರು ಬಂದಾಗ ಗಿರಿಜಾಂಬಾ ಹತ್ರ ಒಂಚೂರು ಡಿಕಾಕ್ಷನ್ ಇಸ್ಕೊಂಡಿದ್ದೆ. ಇಸ್ಕೊಂಡಿದ್ದು ಹಿಂದಿರುಗಿಸ್ಬೇಡ್ವೇ? ಕೆಮ್ಮಿನ ಔಷಧಿ ಬಾಟ್ಲಿ ತೊಳೆದು ಅದ್ರಲ್ಲಿ ತಂದು ಕಿಟಕೀಲಿಟ್ಟು ಮನೆಪಾಠ ಹೇಳೋಕೆ ಹೋಗಿದ್ದೆ."

"ಹಾಗಾದ್ರೆ ನಮ್ಮ ಬಾಟಲಿ?" ಎಂದು ಮಲ್ಲಿಕಾರ್ಜುನಯ್ಯನವರು ಚಂಗನೆ ಎದ್ದರು.

"ಅದು ನಿಮ್ಮನೆ ಅಕ್ಕಿ ಡಬ್ಬದಲ್ಲಿ ಬೆಚ್ಚಗೆ ಮಲಗಿದೆ. ಬಾಳೆಕಾಯಿ ಹಣ್ಣಾಗೋಕೆ ಎಲ್ಲಿ ಇಡ್ತೀವಿ? ಅಕ್ಕಿಯೊಳಗೆ ತಾನೇ? ಅಷ್ಟು ಬೆಚ್ಚಗಿರೋ ಜಾಗ ಮನೇಲಿ ಇನ್ನೊಂದಿಲ್ಲ. ಗಿರಿಜಾಂಬಾ ನಾನೂ ಸೇರಿ ಟೋಪಿ ಸಮೇತ ಹೂತಿಟ್ವಿ."

"ಈಗ್ಲೇ ತೆಗೆದು ನೋಡೋಣ!"

"ಮುಟ್ಟಿದ್ರೆ ನೋಡಿ! ಬೇಯೋ ಮೊದ್ಲೇ ಇಡ್ಲಿ ಪಾತ್ರೆ ಮುಚ್ಚಳ ತೆಗೀತಾರಾ ಯಾರಾದ್ರೂ? ಲಾಸ್ಯಾ ಬರ್ಲಿ."

ವಠಾರ ನಕ್ಕು ನಕ್ಕು ಸುಸ್ತಾಯಿತು. ಮೋರಿಗೆ ಹೋದ ಸಾರಿಗಾಗಿ ಒಂದು ಕ್ಷಣ ಮೌನ ಆಚರಿಸಿ, ಅದೇ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಎಲ್ಲರೂ ಗುಟುಕು ಗುಟುಕು ಹಂಚಿಕೊಂಡರು. ಮಲ್ಲಿಕಾರ್ಜುನಯ್ಯನವರಿಗೆ ಅದು ಅಂದಿನ ಆರನೇ ಕಾಫಿ. ಅಷ್ಟು ರುಚಿಯಾದ ಕಾಫಿಯನ್ನು ಅವರು ಜನ್ಮದಲ್ಲಿ ಕುಡಿದಿರಲಿಲ್ಲ. ಉಳಿದೆರಡು ಕ್ಯಾನುಗಳನ್ನು ಇವೇ ಕಡೆಯವು ಎಂಬ ಹುಮ್ಮಸ್ಸಿನಲ್ಲಿ, ಮದುವಣಿಗನನ್ನು ಹೊತ್ತಂತೆ ಹೊತ್ತು ತಂದರು.

ಐದೂವರೆಗೆ ಲಾಸ್ಯಾ ಬಂದಳು. ಎಂಟೂ ಮನೆಯವರು ಮಲ್ಲಿಕಾರ್ಜುನಯ್ಯನವರ ಅಡುಗೆಮನೆಯಲ್ಲಿ. ಜಾಗ ಸಾಲದವರು ಕಿಟಕಿಯಲ್ಲಿ. ರಂಗನಾಯಕಿ ಮೊಣಕೈವರೆಗೆ ಅಕ್ಕಿಯೊಳಗೆ ಕೈ ಹಾಕಿ ಉಣ್ಣೆ ಟೋಪಿ ಹೊರತೆಗೆದರು. ಲಾಸ್ಯಾ ನಿಧಾನವಾಗಿ ಟೋಪಿ ಜಾರಿಸಿದಳು. ಮೊದಲು ವಿಭೂತಿ ಕಂಡಿತು. ಅದು ಅಷ್ಟು ಬೆಳ್ಳಗೆ ಹೊಳೆಯುತ್ತಿದ್ದದ್ದಕ್ಕೆ ಕಾರಣವಿತ್ತು.

ಹಿಂದಿದ್ದದ್ದು ಕಾಡಿಗೆಗಪ್ಪು.

 ಈ ಸಲ ಸಿದ್ದಮ್ಮ ಮೂಸಲೂ ಇಲ್ಲ. ಆತ್ರೇಯ ಫೋನನ್ನು ಜೇಬಿನೊಳಗೆ ಹಾಕಿಕೊಂಡ. ಮಲ್ಲಿಕಾರ್ಜುನಯ್ಯನವರು ಅಕ್ಕಿ ಡಬ್ಬದ ಮೇಲೇ ಕೂತುಬಿಟ್ಟರು.

"ಬೋರ್ ನೀರು ಕೆಟ್ಟಿದೆ ಅಂಕಲ್," ಎಂದಳು ಲಾಸ್ಯಾ ಮೆಲ್ಲಗೆ.

"ಸಾಧ್ಯವೇ ಇಲ್ಲ!" ಎಂದರು ಗಿರಿಜಾಂಬಾ. ಎಲ್ಲರೂ ತಿರುಗಿದರು. ಅವರ ಮುಖ ಕೆಂಪಾಗಿತ್ತು. "ಅದು ಹೇಗ್ ಕಪ್ಪಾಗುತ್ತೆ? ಅದಕ್ಕೆ ನಾನು ಬೋರ್ ನೀರು ಹಾಕೇ ಇಲ್ವಲ್ಲ!"

"ಏನಂದೆ?"

"ಕೀಲಿ ನಿಮ್ಮ ಉಡಿದಾರದಲ್ಲಿತ್ತು. ನೀವು ನಿದ್ದೇಲೂ ಬೆನ್ನು ಅಂತ ನರಳ್ತಿದ್ರಿ. ಈ ಪರೀಕ್ಷೆ ಪಾಸಾದ್ರೆ ಇವ್ರಿಗೆ ಕ್ಯಾನ್ ಹೊರೋದು ತಪ್ಪುತ್ತಲ್ಲ ಅಂತ... ಹೆಣ್ಣು ನೋಡೋಕೆ ಬಂದಾಗ ಹುಡುಗೀಗೆ ಒಳ್ಳೆ ಸೀರೆ ಉಡಿಸಿ ಕಳಿಸಲ್ವೇ? ಹಾಗೆ... ಒಳ್ಳೆ ನೀರೇ ಇರ್ಲಿ ಅಂತ..." ಗಿರಿಜಾಂಬಾ ಸೆರಗಿನಿಂದ ಮೂಗೊರೆಸಿಕೊಂಡರು. "ಕ್ಯಾನಿಂದ ತುಂಬ್ಸಿದೆ."

 ಎಲ್ಲರ ಕಣ್ಣೂ ಮೂಲೆಯಲ್ಲಿ ನೀಲಿಯಾಗಿ, ನಿಷ್ಪಾಪಿಯ ಹಾಗೆ ನಿಂತಿದ್ದ ಕ್ಯಾನಿನ ಕಡೆ ಹೊರಳಿದವು. ಆತ್ರೇಯ ಹೊಟ್ಟೆ ಮುಟ್ಟಿ ನೋಡಿಕೊಂಡ. ಹಳೇ ವಿಷದ ವಿಳಾಸ ಈಗ ಅವನಿಗೆ ಸಿಕ್ಕಿತು.

"ಅಂದ್ರೆ ಹದಿನಾಲ್ಕು ದಿನದಿಂದ ನಾನು ಬೆನ್ನು ಮುರ್ಕೊಂಡು ನಿಮಗೆಲ್ಲ..." ಮಲ್ಲಿಕಾರ್ಜುನಯ್ಯನವರು ಕ್ಯಾನಿನ ಕಡೆ ಬೆರಳು ತೋರಿಸಿದರು.

"ನಿಮ್ಮ ಹೊಟ್ಟೆ ಹೇಗಿದೆ ಅಂಕಲ್?" ಎಂದಳು ಲಾಸ್ಯಾ ಗಾಬರಿಯಿಂದ. "ನೀವೂ ಇದೇ ನೀರು ಕುಡಿದ್ರಾ?"

ಮಲ್ಲಿಕಾರ್ಜುನಯ್ಯನವರು ಯೋಚಿಸಿದರು. ನೀರು? ಏಳು ಮನೆಯ ಏಳು ಕಾಫಿ, ಮೇಲೆ ಮನೆಯದೆರಡು. ಹದಿನಾಲ್ಕು ದಿನದಲ್ಲಿ ಒಂದು ತೊಟ್ಟು ಬರೀ ನೀರಿಗೆ ಅವರ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ವಠಾರದಲ್ಲಿ ಒಂದು ದಿನವೂ ಹೊಟ್ಟೆ ಕೆಡದವರು ಅವರೊಬ್ಬರೇ. ನಿದ್ದೆಗೆಡಿಸಿತೆಂದು ದಿನಾ ಒಳಗೊಳಗೇ ಬೈದುಕೊಂಡ ಆ ಕುದಿಸಿದ ಕಾಫಿಯೇ ಅವರನ್ನು ಕಾಪಾಡಿತ್ತು. ಎದುರಿಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದರು. 

"ನಿಮ್ಮ ಕಾಫಿ ಋಣ ನನ್ನ ಮೇಲಿದೆ," ಎಂದರು. "ರಂಗನಾಯಕಮ್ಮ, ಚಿಕೋರಿ ಸರಿಯಾಗೇ ಇದೆ."

ಲಾಸ್ಯಾ ಚೀಲದಿಂದ ಇನ್ನೊಂದು ಬಾಟಲಿ ತೆಗೆದಳು. ಈ ಬಾರಿ ಮಲ್ಲಿಕಾರ್ಜುನಯ್ಯನವರೇ ಉಡಿದಾರದ ಕೀಲಿ ಬಿಚ್ಚಿ, ಬೀಗ ತೆಗೆದು, ಎಂಟು ಮನೆಯ ಸಾಕ್ಷಿಯಾಗಿ ಬೋರ್ ನೀರನ್ನೇ ತುಂಬಿದರು.

"ಇದರ ಉತ್ತರ ನಾಳೆ ಸಂಜೆ. ಒಂದೇ ಸಲ ನೋಡಿ ನಂಬಬಾರ್ದು, ಇನ್ನೂ ಎರಡು ಮೂರು ಸಲ ನೋಡೋಣ. ಅಲ್ಲೀವರೆಗೆ ಕ್ಯಾನೂ ಬೇಡ, ಬೋರೂ ಹಾಗೇ ಬೇಡ. ಚೆನ್ನಾಗಿ ಕುದಿಸಿ ಕುಡೀರಿ," ಎಂದಳು ಲಾಸ್ಯಾ.

"ಎಂಟು ಮನೇಲಿ ಎಂಟು ಒಲೆ ಯಾಕೆ?" ಎಂದು ರಂಗನಾಯಕಿ ಲೆಕ್ಕದ ಮೇಷ್ಟ್ರ ದನಿಯಲ್ಲಿ ಶುರು ಮಾಡಿದರು. "ಹಿತ್ತಲಲ್ಲಿ ದೊಡ್ಡ ಹಂಡೆ ಇದೆ. ಬೆಳಗ್ಗೆ ಐದಕ್ಕೆ ಒಬ್ರು ಉರಿ ಹಾಕಿ, ಕುದಿಸಿ, ಮನೆಮನೆಗೆ ಮುಟ್ಟಿಸಿದ್ರೆ ಆಯ್ತು."

"ಒಬ್ರು ಅಂದ್ರೆ..." ಎಂದ ಆತ್ರೇಯ.

 ಎಲ್ಲರೂ ಮಲ್ಲಿಕಾರ್ಜುನಯ್ಯನವರನ್ನೇ, ಕಣ್ಣು ತುಂಬ ಕೃತಜ್ಞತೆ ತುಂಬಿಕೊಂಡು ನೋಡಿದರು. ಅಂಥ ನೋಟಕ್ಕೆ ಇಲ್ಲವೆನ್ನುವುದು ಅವರ ಅಪ್ಪನಿಗೂ ಬರುತ್ತಿರಲಿಲ್ಲ.

ಆ ಸಂಜೆ ಗಿರಿಜಾಂಬಾ ಎಣ್ಣೆ ಬಟ್ಟಲು ಹಿಡಿದು ಬಂದರು. "ತಪ್ಪಾಯ್ತುರೀ. ತಿರುಗಿ, ಬೆನ್ನಿಗೆ ಹಚ್ತೀನಿ."

"ತಪ್ಪೇನೇ? ನೀನು ಹಾಗೆ ಮಾಡ್ದೇ ಇದ್ದಿದ್ರೆ ಕ್ಯಾನಿನ ಬಂಡವಾಳ ಹೊರಗೆ ಬರ್ತಿತ್ತಾ?" ಎಂದ ಮಲ್ಲಿಕಾರ್ಜುನಯ್ಯನವರು, ನಿಟ್ಟುಸಿರುಬಿಟ್ಟು ಎರಡೂ ಅಂಗೈ ಮುಂದೆ ಚಾಚಿದರು. "ಕೈಗೂ ಒಂಚೂರು ಹಚ್ಚು, ನಾಳೆಯಿಂದ ಕುದಿ ನೀರು ಹೊರ್ಬೇಕು. ಕ್ಯಾನು ಎಷ್ಟೇ ಕೆಟ್ಟದಾದ್ರೂ, ತಣ್ಣಗಾದ್ರೂ ಇತ್ತು."