ಫಾರಂ ಎಂದು ಹೋಗಿ ಫಾರ್ಮಸಿ ಓದಿದ್ದು

ಔಷಧಿ ಕೊಡುವ ಕಿಟಕಿಯ ಹಿಂದೆ ಕುಳಿತವನಿಗೆ ಗೊಂದಲ ಹೊಸದಲ್ಲ. ಅದು ದಿನಾ ಚೀಟಿ ಹಿಡಿದು ಸರದಿಯಲ್ಲಿ ನಿಂತು ಬರುತ್ತದೆ. ಮೊನ್ನೆ ಒಬ್ಬ ಹಿರಿಯರಿಗೆ ಮಾತ್ರೆ ಕೊಟ್ಟು, ನೀರಲ್ಲಿ ತಗೊಳ್ಳಿ ಎಂದೆ. ಅವರು ಕೊಂಚ ಯೋಚಿಸಿ, ನೀರು ಎಲ್ಲಿವರೆಗೆ ಇರಬೇಕು, ಮೊಣಕಾಲಾ ಸೊಂಟವಾ ಎಂದು ಕೇಳಿದರು. ನಾನು ನಗಲಿಲ್ಲ. ಈ ವಿದ್ಯೆಗೆ ನಾನು ಬಂದದ್ದೇ ಅದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆಯಿಂದ.

೧. ಫಾರಂ ಸಿ

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು. ನಾನು ಹರದನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬಂದು ಪಿಯುಸಿ ಪಾಸು ಮಾಡಿದ್ದೆ. ಮುಂದೇನು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಗೊತ್ತಿರಲಿಲ್ಲ. ಪೇಟೆಯಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವ, ಊರಾಚೆ ಹೊಲಗಳ ನಡುವೆ ಹೊಸ ಕಾಲೇಜು ಬಂದಿದೆ, ಇವನನ್ನು ಫಾರ್ಮಸಿಗೆ ಸೇರಿಸಿ ಎಂದರು.

ಅಪ್ಪ ಅರಿಸಿನ, ಈರುಳ್ಳಿ ಬೆಳೆಯುವ ರೈತ. ಕೋಳಿ ಫಾರಂ ನೋಡಿದ್ದರು, ರೇಷ್ಮೆ ಫಾರಂ ನೋಡಿದ್ದರು. ಇದೂ ಅಂಥದ್ದೇ ಒಂದು ಫಾರಂ, ಹೆಸರು ಸಿ ಎಂದುಕೊಂಡರು. ಮಗ ಬೇಸಾಯವನ್ನೇ ಕುರ್ಚಿ ಮೇಲೆ ಕುಳಿತು ಕಲಿಯುತ್ತಾನೆ ಎಂದು ಅವರಿಗೆ ಸಂತೋಷ. ನನಗೂ ಅಷ್ಟೇ ಅರ್ಥವಾಗಿತ್ತು.

ಪ್ರಿನ್ಸಿಪಾಲರು ನನ್ನ ಅಂಕಪಟ್ಟಿ ನೋಡಿ, ಪರವಾಗಿಲ್ಲ, ಫಾರ್ಮಸಿ ಸೀಟು ಕೊಡುತ್ತೇವೆ ಎಂದರು. ಅಪ್ಪನ ಮುಖ ಸಣ್ಣಗಾಯಿತು. ಟವೆಲ್ಲನ್ನು ಹೆಗಲಿಂದ ಕಂಕುಳಿಗೆ ಇಳಿಸಿಕೊಂಡು ಬಗ್ಗಿ ಹೇಳಿದರು: "ಸಿ ಬ್ಯಾಡ ಸ್ವಾಮಿ. ನಮ್ ಐದ ಚೆನ್ನಾಗಿ ಓದವ್ನೆ. ಇದ್ರೆ ಎ ಕೊಡಿ."

ಪ್ರಿನ್ಸಿಪಾಲರು ಒಂದು ಕ್ಷಣ ಅಪ್ಪನನ್ನೂ ಒಂದು ಕ್ಷಣ ನನ್ನನ್ನೂ ನೋಡಿದರು. ಆಮೇಲೆ, ಎ ಎಲ್ಲ ಭರ್ತಿಯಾಗಿದೆ ಎಂದು ಮೆಲ್ಲಗೆ ಹೇಳಿ ಸಹಿ ಹಾಕಿದರು.

೨. ಕಳೆ

ಕಾಲೇಜಿನಲ್ಲಿ ಕಲಿಸುವುದು ಬೇಸಾಯವಲ್ಲ, ಔಷಧಿ ತಯಾರಿಸುವ ವಿದ್ಯೆ ಎಂದು ನನಗೆ ಮೂರನೇ ದಿನ ತಿಳಿಯಿತು. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಸಂಜೆ ಮನೆಗೆ ಹೋದಾಗ ಏನು ಬಿತ್ತಿದಿರಿ ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎನ್ನುತ್ತಿದ್ದೆ.

ನಾಲ್ಕು ತಿಂಗಳಾದರೂ ಬಿತ್ತಲಿಲ್ಲವೆಂದು ಒಂದು ಮಧ್ಯಾಹ್ನ ಅವರೇ ನೋಡಲು ಬಂದರು. ನಾನು ಲ್ಯಾಬಿನಲ್ಲಿದ್ದೆ. ಕಾಯುತ್ತ ಕಟ್ಟಡದ ಹಿಂದಕ್ಕೆ ಹೋದ ಅಪ್ಪನಿಗೆ ಒಂದು ತೋಟ ಕಂಡಿತು. ಅದರ ಪಾತಿಗಳ ಸ್ಥಿತಿ ನೋಡಿ ಸಂಕಟವಾಯಿತು. ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

ಅದು ನಮ್ಮ ಗಿಡಮೂಲಿಕೆ ಮೇಷ್ಟ್ರು ಎರಡು ತಿಂಗಳು ಊರೂರು ತಿರುಗಿ ತಂದು ನೆಟ್ಟಿದ್ದ ಔಷಧಿ ವನ. ಮರುದಿನ ಕಾಲೇಜಿಗೆ ಮಾನ್ಯತೆ ಕೊಡಬೇಕೋ ಬೇಡವೋ ಎಂದು ನೋಡಲು ತನಿಖೆಯವರು ಬರುವವರಿದ್ದರು. ನಾವು ಹೋಗಿ ನೋಡುವಷ್ಟರಲ್ಲಿ ನೆಲನೆಲ್ಲಿ, ಉತ್ತರಾಣಿ, ತುಂಬೆ, ಗರುಗದ ಸೊಪ್ಪು ಎಲ್ಲವೂ ಒಂದೇ ಗುಡ್ಡೆಯಲ್ಲಿ ಬಾಡುತ್ತಿದ್ದವು. ಹೆಸರು ಬರೆದ ತಗಡುಗಳು ಮಾತ್ರ ಸಾಲಾಗಿ ನಿಂತಿದ್ದವು. ತಾನಾಗಿ ಹುಟ್ಟಿದ್ದ ಒಂದು ಟೊಮೆಟೊ ಗಿಡವನ್ನು ಅಪ್ಪ ಜೋಪಾನವಾಗಿ ಉಳಿಸಿ ಬುಡಕ್ಕೆ ಮಣ್ಣು ಕೊಟ್ಟಿದ್ದರು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು ತಲೆ ಹಿಡಿದುಕೊಂಡರು. ನನ್ನ ಓದು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಪ್ಪನನ್ನು ಪಕ್ಕಕ್ಕೆ ಕರೆದು ನಿಜ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ. ತಗಡಿನ ಮೇಲಿನ ಹೆಸರುಗಳನ್ನೆಲ್ಲ ನನ್ನಿಂದ ಓದಿಸಿಕೊಂಡು ಬಸ್ಸು ಹತ್ತಿದರು.

ಮಾರನೆ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಎರಡು ಮಂಕರಿ ತುಂಬ ಗಿಡ ತಂದರು, ಬೇರಿನ ಮಣ್ಣು ಸಮೇತ. ತನಿಖೆಯವರು ಇಷ್ಟು ಸೊಂಪಾದ ವನ ಎಲ್ಲೂ ನೋಡಿಲ್ಲವೆಂದು ಬರೆದು ಹೋದರು. ಮೇಷ್ಟ್ರು ಕೃತಜ್ಞತೆಯಿಂದ ಅಪ್ಪನ ಕೈ ಹಿಡಿದುಕೊಂಡರೆ ಅಪ್ಪನಿಗೆ ಅವರ ಮೇಲೆಯೇ ಕನಿಕರ. "ಇದ್ಕೆ ಕಾಲೇಜು ಯಾಕ್ ಕಟ್ಟುದ್ರಿ ಸಾರ್. ನಮ್ ಒಲಕ್ ಬನ್ನಿ. ಮೂವತ್ ವರ್ಸದಿಂದ ಕೀಳ್ತಾವ್ನಿ, ಇನ್ನೂ ಓಗಿಲ್ಲ" ಎಂದರು.

೩. ಊಟ ಆದ ಮೇಲೆ

ನಾನು ಔಷಧಿ ಓದುತ್ತಿದ್ದೇನೆಂದು ಊರಿಗೆ ತಿಳಿದ ಮೇಲೆ ಚೀಟಿ ಓದಿಸಿಕೊಳ್ಳುವವರು ಹೆಚ್ಚಾದರು. ಡಾಕ್ಟರು ಚೀಟಿಯಲ್ಲಿ ದಿನಕ್ಕೆ ಎರಡು ಸಲ ಎನ್ನುವುದಕ್ಕೆ ಬಿ.ಡಿ. ಎಂದು ಎರಡೇ ಅಕ್ಷರ ಬರೆಯುತ್ತಾರೆ. ಅದನ್ನು ಆ ವಾರವಷ್ಟೇ ಕಲಿತಿದ್ದೆ. ಕಲಿತದ್ದನ್ನು ತೋರಿಸುವ ಚಪಲವೂ ಇತ್ತು.

ಪಕ್ಕದ ಮನೆಯ ತಾತನಿಗೆ ಕೆಮ್ಮು. ಅವರು ಎದೆ ಹಿಡಿದುಕೊಂಡು ಕೆಮ್ಮುವುದನ್ನು ನೋಡಲಾರದೆ ಅಜ್ಜಿ ಬೀಡಿ ಬಿಡಿಸಿ ಎರಡು ತಿಂಗಳಾಗಿತ್ತು. ಮನೆಯ ಬೆಂಕಿಪೊಟ್ಟಣ ಕೂಡ ಅಜ್ಜಿಯ ಮಡಿಲಲ್ಲೇ ಇರುತ್ತಿತ್ತು. ತಾತ ಚೀಟಿ ತಂದು ಜಗುಲಿಯಲ್ಲಿ ಕುಳಿತರು. ನಾನು ಗಂಭೀರವಾಗಿ ಓದಿದೆ, ಊಟ ಆದ ಮೇಲೆ, ಬಿ.ಡಿ., ಐದು ದಿನ.

ತಾತ ಇನ್ನೊಂದು ಸಲ ಓದಿಸಿದರು. ಡಾಕ್ಟ್ರೇ ಬರೆದಿದ್ದಾರಾ ಎಂದು ಕೇಳಿದರು. ಅವರೇ ಬರೆದಿದ್ದಾರೆ, ಇಲ್ಲಿ ನೋಡಿ ಎಂದು ಬೆರಳಿಟ್ಟು ತೋರಿಸಿದೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ತಪ್ಪಿಸಬಾರದು ಎಂದೂ ಸೇರಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ಕಾಯಿಲೆಯ ಮನುಷ್ಯ, ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

ಮೂರನೇ ದಿನ ಅಜ್ಜಿ ನಮ್ಮ ಮನೆ ಮುಂದೆ ಪೊರಕೆ ಸಮೇತ ನಿಂತಿದ್ದರು. ತಾತ ಊಟವಾದ ಕೂಡಲೇ ರಾಜಾರೋಷವಾಗಿ ಬೀಡಿ ಹಚ್ಚುತ್ತಾರಂತೆ, ಕೇಳಿದರೆ ಚೀಟಿ ತೋರಿಸುತ್ತಾರಂತೆ. ಅದು ಬೀಡಿಯಲ್ಲ ಅಜ್ಜಿ, ಬಿ ಮತ್ತು ಡಿ ಎಂದು ವಿವರಿಸಿದೆ. ಅಜ್ಜಿ ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಡಾಕ್ಟ್ರು ಏನಾರ ಬರ್ಕಳ್ಲಿ ಬುಡು. ನೀ ಯಾಕ್ಲಾ ಓದ್ದೆ?"

೪. ಹನ್ನೊಂದನೆಯ ತಟ್ಟೆ

ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಂಬರು ಹಾಕಿದ ಹತ್ತು ತಟ್ಟೆಗಳಲ್ಲಿ ಬೇರು, ತೊಗಟೆ, ಬೀಜ ಇಟ್ಟಿರುತ್ತಾರೆ. ಗಂಟೆ ಹೊಡೆದಾಗಲೆಲ್ಲ ಮುಂದಿನ ತಟ್ಟೆಗೆ ಸರಿದು, ಅದೇನು, ಯಾವುದಕ್ಕೆ ಔಷಧಿ ಎಂದು ಬರೆಯಬೇಕು. ಇದರಲ್ಲಿ ಹೋದರೆ ಇಡೀ ವರ್ಷ ಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ತುದಿಯ ಖಾಲಿ ತಟ್ಟೆಯಲ್ಲಿ ಒಂದು ಚಿಕ್ಕ ಪೊಟ್ಟಣ ಬಿಚ್ಚಿಟ್ಟು ಕಾಫಿಗೆ ಹೋದರು.

ಮೊದಲನೆಯವನು ಹತ್ತು ಮುಗಿಸಿ ಹನ್ನೊಂದನೆಯದಕ್ಕೂ ನಿಂತ. ಹಿಂದೆ ನಾವೆಲ್ಲ ನಿಂತೆವು. ನಂಬರು ಯಾಕಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ವೀಳ್ಯದೆಲೆ ಜೀರ್ಣಕ್ಕೆ, ಅಡಿಕೆ ಹೊಟ್ಟೆಹುಳುವಿಗೆ ಎಂದು ಬರೆದು ಬೆವರು ಒರೆಸಿಕೊಂಡೆ. ಕಾಫಿ ಮುಗಿಸಿ ಬಂದ ಪರೀಕ್ಷಕರು ಪೊಟ್ಟಣಕ್ಕೆ ಕೈ ಹಾಕಿದಾಗ ಅಟೆಂಡರು ತಡೆದ. ಪರೀಕ್ಷೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ, ನಿಯಮ ಎಂದ. ಆ ನಿಯಮ ಅವತ್ತು ಬೆಳಿಗ್ಗೆ ಅವರೇ ಮಾಡಿದ್ದು.

ಬರಿಬಾಯಲ್ಲಿ ಎರಡು ಗಂಟೆ ಕುಳಿತ ಅವರು ಮೌಖಿಕ ಪರೀಕ್ಷೆಯಲ್ಲಿ ನನಗೆ ಬೇರೇನೂ ಕೇಳಲಿಲ್ಲ. ನನ್ನ ಉತ್ತರ ಓದಿ, "ಸುಣ್ಣ ಬಿಟ್ಟಿದ್ದೀಯ" ಎಂದು ಅರ್ಧ ಅಂಕ ಕಳೆದರು.

೫. ವಯರು

ಓದು ಮುಗಿದ ಮೇಲೆ ಮೂರು ತಿಂಗಳು ತರಬೇತಿ. ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಒಂದು ಔಷಧಿ ಅಂಗಡಿಯಲ್ಲಿ ನಿಂತೆ. ಮಾಲೀಕರು ಸಹಿ ಹಾಕಿದರೆ ಮಾತ್ರ ನಾನು ಫಾರ್ಮಸಿಸ್ಟ್. ಅವರಿಗೆ ಮಲಯಾಳಂ ಚೆನ್ನಾಗಿ ಬರುತ್ತಿತ್ತು. ತರಕಾರಿ ತುಂಬಲು ಬರುವ ಕೇರಳದ ಲಾರಿಯವರನ್ನು ಅವರೇ ನೋಡಿಕೊಳ್ಳುತ್ತಿದ್ದರು.

ಅವರು ಊಟಕ್ಕೆ ಹೋಗಿದ್ದಾಗ ಒಬ್ಬ ಡ್ರೈವರ್ ಲಾರಿ ನಿಲ್ಲಿಸಿ ಅವಸರದಲ್ಲಿ ಬಂದ. ಒಂದು ಕೈ ಕೌಂಟರಿನ ಮೇಲೆ, ಇನ್ನೊಂದು ಕೈ ಲುಂಗಿಯ ಗಂಟಿನ ಮೇಲೆ. "ವಯರ್ ಇಳಕ್ಕಂ" ಎಂದ. ವಯರ್ ಎಂದರೆ ಅವರ ಭಾಷೆಯಲ್ಲಿ ಹೊಟ್ಟೆ, ಇಳಕ್ಕಂ ಸೇರಿದರೆ ಭೇದಿ ಎಂದು ಈಗ ಗೊತ್ತು. ಅವತ್ತು ನನಗೆ ಗೊತ್ತಿದ್ದ ವಯರು ಕರೆಂಟಿನದು ಒಂದೇ. ಲೂಸಾ ಎಂದು ಕೇಳಿದೆ. ಅರ್ಥವಾಯಿತಲ್ಲ ಎಂದು ಅವನಿಗೆ ಖುಷಿ. ಲೂಸ್, ಲೂಸ್ ಎಂದು ತಲೆಯಾಡಿಸಿದ. ರಸ್ತೆಯಾಚೆ ಲಾರಿಗಳ ವಯರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಅಂಗಡಿಯಿತ್ತು. ಅಲ್ಲಿಗೆ ಹೋಗು ಎಂದು ಕೈ ತೋರಿಸಿದೆ. ಅವನು ಓಡಿದ.

ಎಲೆಕ್ಟ್ರಿಷಿಯನ್ ಮಂಡ್ಯ ಕಡೆಯಿಂದ ಹೊಸದಾಗಿ ಬಂದವನು, ಅವನಿಗೂ ಮಲಯಾಳಂ ಬಾರದು. ಮುಂದೋ ಹಿಂದೋ ಎಂದು ಸನ್ನೆ ಮಾಡಿ ಕೇಳಿದ. ಡ್ರೈವರ್ ನೊಂದ ಮುಖದಲ್ಲಿ ಹಿಂದೆ ಎಂದು ತೋರಿಸಿದ. ಬಂದು ಬಂದು ಹೋಗುತ್ತದಾ ಎಂದು ಬೆರಳು ಆಡಿಸಿ ಕೇಳಿದ. ಡ್ರೈವರ್ ಬೆಳಗಿನಿಂದ ಐದು ಸಲ ಎಂದು ಅಂಗೈ ತೋರಿಸಿದ. ಹಿಂದಿನ ದೀಪದ ವಯರೇ ಎಂದು ತೀರ್ಮಾನಿಸಿ, ನೀನು ಹತ್ತಿ ಬ್ರೇಕು ಒತ್ತಿ ಹಿಡಿ ಎಂದು ಸನ್ನೆ ಮಾಡಿ, ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಲಾರಿಯ ಕೆಳಗೆ ನುಸುಳಿದ. ಒತ್ತಿ ಹಿಡಿಯುವ ಸ್ಥಿತಿ ಡ್ರೈವರನದ್ದಾಗಿರಲಿಲ್ಲ. ಲಾರಿಯನ್ನು ಅಲ್ಲೇ ಬಿಟ್ಟು, ಅಂಗಡಿಯ ಹಿಂದಿನ ಕಳ್ಳಿಬೇಲಿಯತ್ತ ಓಟ ಕಿತ್ತ.

ಊಟ ಮುಗಿಸಿ ಬಂದ ಮಾಲೀಕರು ಅವನು ಓಡುವುದನ್ನು ಕಂಡು ಏನಾಯಿತೆಂದು ನನ್ನನ್ನು ಕೇಳಿದರು. ನಡೆದದ್ದು ಹೇಳಿದೆ. ಅವರು ಸ್ಟೂಲಿನ ಮೇಲೆ ಕುಸಿದು ನಕ್ಕರು, ಆಮೇಲೆ ಮಾತ್ರೆಯನ್ನೂ ಉಪ್ಪು ಸಕ್ಕರೆಯ ಪುಡಿಯನ್ನೂ ಕಟ್ಟಿಟ್ಟರು. ನನ್ನ ಸಹಿ ಹೋಯಿತೆಂದುಕೊಂಡೆ. ಸಹಿಯೇನೋ ಮುಂದೆ ಸಿಕ್ಕಿತು.

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ರಸ್ತೆ ದಾಟಿ ಬಂದ. ಮೈಯೆಲ್ಲ ಗ್ರೀಸು, ಮುಖದಲ್ಲಿ ಭಯಭಕ್ತಿ. ಮಾಲೀಕರ ಕಿವಿಯ ಹತ್ತಿರ ಬಂದು ಹೇಳಿದ: "ಅಣ್ಣ, ನಾ ಇನ್ನೂ ವಯರು ಮುಟ್ಟೇ ಇಲ್ಲ. ಆವಯ್ಯ ಬೇಲಿ ಹಿಂದಕ್ಕೆ ಓಗ್ಬಂದು ಸರಿಯೋಯ್ತು ಅಂತ ಸನ್ನೆ ಮಾಡ್ತಾನೆ. ಓಗಿ ನೋಡುದ್ರೆ, ಲೈಟೂ ಉರೀತಾ ಅದೆ."