ಗುಂಯ್ ಅನ್ನುವವರು ಯಾರು?

"ಯಾರ ಮನೆಯ ಶನಿ ಇದು?"

ರೇಡಿಯೋಗೆ ಕಿವಿಯಾನಿಸಿ ಸರ್ಕಿಟ್ ಮೇಷ್ಟ್ರು ಗೋಡೆಯನ್ನೇ ಕೇಳಿದರು. ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯಂತೆ ರೇಡಿಯೋ ಗುಂಯ್‌ಗುಡುತ್ತಿತ್ತು.

ಬೇರೆ ದಿನವಾಗಿದ್ದರೆ ಸಹಿಸಿಕೊಳ್ಳುತ್ತಿದ್ದರು. ಇವತ್ತು ಸಂಜೆ ಮಾತ್ರ, ತೀರಿಹೋದ ಅಪ್ಪ ಎಂದೋ ಓದಿದ್ದ ಕಾವ್ಯದ ಹಳೆಯ ಧ್ವನಿಮುದ್ರಣ ಬರಲಿತ್ತು. ಆ ದನಿ ಮತ್ತೆಲ್ಲೂ ಉಳಿದಿರಲಿಲ್ಲ. ಅಪ್ಪನ ತೊಡೆಯ ಮೇಲೆ ಮಲಗಿ, ಪದ್ಯ ಮುಗಿಯುವ ಮೊದಲೇ ನಿದ್ದೆಹೋಗುತ್ತಿದ್ದ ಮಗನಿಗೆ ಈ ಸಲ ಒಂದಕ್ಷರವೂ ತಪ್ಪಬಾರದಾಗಿತ್ತು.

ಜನ್ಮವಿಡೀ ಹುಡುಗರಿಗೆ ಕಲಿಸಿದ ವಿದ್ಯುತ್ ಪಾಠ ನೆನಪಿಗೆ ಬಂತು. ಸರ್ಕಿಟ್ಟಿನಲ್ಲಿ ಮೂಲಗಳು ಹಲವಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನೆಲ್ಲ ಆರಿಸು. ಒಂದೊಂದರ ಪಾಲನ್ನೂ ಅಳೆದು ಕೊನೆಗೆ ಕೂಡಿಸು. ಒಂದೇ ತಂತಿಗೆ ಬಿದ್ದ ಈ ಸಾಲುಮನೆಗಳೂ ಒಂದು ಸರ್ಕಿಟ್ಟೇ ತಾನೇ? ರೇಡಿಯೋಗೆ ಗುಂಯ್ ಬೆರೆಸುವ ಯಂತ್ರ ಯಾವುದೋ ಒಂದು ಮನೆಯಲ್ಲಿರಲೇಬೇಕು.

ಮೇಷ್ಟ್ರು ಮನೆಮನೆಗೆ ಹೋಗಿ ಮೇನ್ ಸ್ವಿಚ್ ಆರಿಸಲು ಕೈಮುಗಿದರು. ಗುಂಯ್ ಎನ್ನುವ ಕಳ್ಳ ಪಕ್ಕದ ಮನೆಯಲ್ಲೇ ಸಿಕ್ಕಿಬೀಳುತ್ತಾನೆಂದು ಎಲ್ಲರೂ ಖುಷಿಯಿಂದಲೇ ಒಪ್ಪಿದರು.

"ನನ್ನ ಮಷೀನು ಸಾಧು ಪ್ರಾಣಿ ಮೇಷ್ಟ್ರೇ," ಎಂದ ದರ್ಜಿ. "ಎದುರುಮನೆ ಮಿಕ್ಸಿ ನೋಡಿ. ರುಬ್ಬೋದು ಕಮ್ಮಿ, ಗುಡುಗೋದು ಜಾಸ್ತಿ."

"ಅವನ ಮಷೀನು ಹೊಲಿದಿದ್ದಕ್ಕಿಂತ ನನ್ನ ನಿದ್ದೆ ಹರಿದಿದ್ದೇ ಹೆಚ್ಚು," ಎಂದರು ಎದುರುಮನೆ ಅತ್ತೆ.

ಮಷೀನೊಂದೇ ಓಡಿತು: ಗುಂಯ್. ಮಿಕ್ಸಿಯೊಂದೇ ತಿರುಗಿತು: ಅಷ್ಟೇ ಗುಂಯ್. ನಿವೃತ್ತ ಪೋಸ್ಟ್ ಮಾಸ್ತರರ ಮುದಿ ಫ್ಯಾನು ಏದುಸಿರು ಬಿಟ್ಟಿತು: ಆಗಲೂ ಅದೇ. ಕೊನೆಗೆ ಎಲ್ಲವೂ ಆರಿತು. ಬೀದಿಗೆ ಬೀದಿಯೇ ಕತ್ತಲಲ್ಲಿ ಬೆವರುತ್ತ ಮೇಷ್ಟ್ರ ಜಗಲಿಯಲ್ಲಿ ನೆರೆಯಿತು. ರೇಡಿಯೋ ಹಟಮಾರಿ ಕೂಸಿನಂತೆ ಗುಂಯ್ ಎನ್ನುತ್ತಲೇ ಇತ್ತು.

"ಕೂಡಿಸಿದ್ರಾ ಲೆಕ್ಕ?" ಪೋಸ್ಟ್ ಮಾಸ್ತರರು ಮೆಲ್ಲಗೆ ಕೇಳಿದರು. "ಊರೆಲ್ಲ ಸೊನ್ನೆ. ಉಳಿದದ್ದು ನಿಮ್ಮ ಮನೆ."

ರೇಡಿಯೋ ಒಂದನ್ನು ಬಿಟ್ಟು ಮೇಷ್ಟ್ರು ತಮ್ಮ ಮನೆಯಲ್ಲೂ ಎಲ್ಲ ಆರಿಸಿದ್ದರು. ಅಮ್ಮ ಜಪಕ್ಕೆ ಕೂತ ಒಳಕೋಣೆಗೆ ಮಾತ್ರ ಕಾಲಿಟ್ಟಿರಲಿಲ್ಲ. ಬಾಗಿಲು ಸರಿಸಿದರೆ, ಅಲ್ಲೊಂದು ಪುಟ್ಟ ವಿದ್ಯುದ್ದೀಪ. ಕತ್ತಲಿಗೆ ಅಂಜುವ ಹೆಂಡತಿಗೆಂದು ಅಪ್ಪ ಕೈಯಾರೆ ಜೋಡಿಸಿದ್ದು; ಬೆಳಕು ಹೆಚ್ಚುಕಮ್ಮಿ ಮಾಡಲು ಒಂದು ತಿರುಗಣಿಯನ್ನೂ ಅವರೇ ಕೂರಿಸಿದ್ದರು. ಮೇಷ್ಟ್ರು ಅದನ್ನು ಕೂದಲೆಳೆಯಷ್ಟು ತಿರುಗಿಸಿದರು. ಹೊರಗೆ ರೇಡಿಯೋದ ಗುಂಯ್‌ಗೂ ಶ್ರುತಿ ಏರಿತು.

ಅಷ್ಟರಲ್ಲಿ ರೇಡಿಯೋ ಅಪ್ಪನ ಹೆಸರು ಹೇಳಿತು. ಮುಂದಿನದು ಗುಂಯ್‌ನಲ್ಲಿ ಮುಳುಗಿತು.

"ಅಮ್ಮಾ, ಅಪ್ಪ ಓದ್ತಿದ್ದಾರೆ," ಮೇಷ್ಟ್ರು ಸ್ವಿಚ್ಚಿನತ್ತ ಕೈ ಚಾಚಿದರು. "ಮುಗಿಯೋ ತನಕ ಈ ದೀಪ ಆರಿಸ್ಲಾ?"

ಅಮ್ಮ ಜಪಮಣಿ ಕೆಳಗಿಟ್ಟು, ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿದರು.

"ಅವರು ಹೋದ ದಿನವೂ ಇದನ್ನ ಆರಿಸಿಲ್ಲ ಕಣೋ. ಆಗಲ್ಲ, ಹೋಗು."