ರಜಕ್ಕೊಂದು ಊರು ಹುಡುಕಿದ ಟೈಲರಮ್ಮ ಮತ್ತು ನಾನು

ಎಲ್ಲರೂ ರಜಕ್ಕೆ ಹೋಗಿ ಫೋಟೋ ತರುತ್ತಾರೆ, ನಾವು ಫಜೀತಿ ತರುತ್ತೇವೆ. ಒಂದು ಸಲ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಪ್ರತಿ ಬೇಸಿಗೆಗೂ ಹೊಸದೊಂದು ಆಗುತ್ತದೆ ಅಂದರೆ ಅದಕ್ಕೇನನ್ನಬೇಕೋ ನೀವೇ ಹೇಳಿ.

ನಾನು ಶಿಕಾರಿಪುರದಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ, ಗಂಟಲಲ್ಲಿ ಅದಕ್ಕಿಂತ ಜೋರು ದನಿ. ಆಕೆ ಸೊರಬದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಊರೆಲ್ಲ ಟೈಲರಮ್ಮ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಾವಿಬ್ಬರೂ ಜೋಡಿ. ಬರೀ ಗೆಳತಿಯರು ಅಂತಲ್ಲ, ಗಂಡ-ಹೆಂಡತಿ ಹೇಗೋ ಹಾಗೆ ಜೋಡಿ. ಮದುವೆ ಊಟ ಹಾಕಿಸಿಲ್ಲ ಅನ್ನೋದೊಂದು ಬಿಟ್ಟರೆ ಸಂಸಾರದಲ್ಲಿ ಇರಬೇಕಾದ್ದೆಲ್ಲ ಇದೆ, ಜಗಳವೂ ಸೇರಿ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ನಾನು ಬಸ್ಸು ಹತ್ತುತ್ತೇನೆ, ಶಿರಾಳಕೊಪ್ಪದಲ್ಲಿ ಇನ್ನೊಂದು ಬಸ್ಸು, ಸೋಮವಾರ ಬೆಳಿಗ್ಗೆ ಮತ್ತೆ ವಾಪಸ್ಸು. ವರ್ಷಾನುಗಟ್ಟಲೆ ಇದೇ ಆಯಿತು. ಸೊಂಟ ಬಿದ್ದುಹೋಗಿದೆ ಕಣ್ರೀ.

ಹಂಗಾಗಿ ಬೇಸಿಗೆ ರಜೆ ಬಂತೆಂದರೆ ನಮಗೆ ಬೇಕಾದ್ದು ಇಷ್ಟೇ: ಗದ್ದಲವಿಲ್ಲದ ಒಂದು ಜಾಗ, ಅಕ್ಕಪಕ್ಕ ಎರಡು ಚಾಪೆ, ಮತ್ತು "ಇವರು ನಿಮಗೆ ಏನಾಗ್ಬೇಕು?" ಅಂತ ಕೇಳದ ಜನ. ಉಳಿದ ಹೆಂಗಸರು ರಜಕ್ಕೆ ತವರಿಗೆ ಹೋಗುತ್ತಾರೆ. ನನಗೆ ತವರಿಲ್ಲ. ಟೈಲರಮ್ಮನಿಗೆ ಇದೆ, ಕುಪ್ಪಗಡ್ಡೆಯಲ್ಲಿ ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ಮನೆ. ಹಬ್ಬಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ. ನನ್ನನ್ನು ಕರೆದುಕೊಂಡು ಹೋಗು ಅಂದರೆ ಮಾತ್ರ ಜೀವ ನಡುಗುತ್ತದೆ.

"ನಂಗಿರೋದು ಅದೊಂದೇ ಬಾಗಿಲು ಕಣೇ. ನಿನ್ನ ನೋಡಿ ದೊಡ್ಡಮ್ಮ ಅದನ್ನೂ ಹಾಕ್ಕಂಡ್ರೆ ನಾನು ಎಲ್ಲಿಗೆ ಹೋಗ್ಲಿ? ಅಲ್ಲಿಗೊಂದು ಬಿಟ್ಟು ಎಲ್ಲಿಗಾದ್ರೂ ನಡಿ" ಅನ್ನುತ್ತಾಳೆ.

ಹಾಗೆ ಎಲ್ಲಿಗಾದರೂ ಹೋದ ಕಥೆಗಳೇ ಇವು.

ಚಪ್ಪಾಳೆ

ಫೋನಿನಲ್ಲಿ ಹುಡುಕಿ ಹುಡುಕಿ, ಕಾಮನಬಿಲ್ಲಿನ ಬಾವುಟ ಹಾಕಿದ ಒಂದು ರೆಸಾರ್ಟು ಹಿಡಿದೆ. ಗೋವಾ ಕಡೆ, ಸಮುದ್ರದ ಪಕ್ಕ. ನಿಮ್ಮಂಥ ಜೋಡಿಗಳಿಗೆ ಆದರದ ಸ್ವಾಗತ ಅಂತ ಬರೆದಿತ್ತು.

ಸುಳ್ಳು ಹೇಳಬಾರದು, ಏನಾಗಬೇಕು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಅದರ ಬದಲು ಚಪ್ಪಾಳೆ ಹೊಡೆದರು. ಆಟೋದಿಂದ ಇಳಿದರೆ ಚಪ್ಪಾಳೆ, ಕೊರಳಿಗೆ ಹಾರ, ಕೈಗೆ ಏಳು ಬಣ್ಣದ ಶರಬತ್ತು. ಅಲ್ಲಿದ್ದವರೆಲ್ಲ ಇಪ್ಪತ್ತು ಇಪ್ಪತ್ತೈದರ ಹುಡುಗರು, ಹುಡುಗಿಯರು, ಬಂಗಾರದಂಥ ಮಕ್ಕಳು. ಐವತ್ತರ ಹತ್ತಿರದ ಇಂಥ ಜೋಡಿಯನ್ನು ಅವರು ಕಂಡೇ ಇರಲಿಲ್ಲವಂತೆ. ಎಂಥಾ ಧೈರ್ಯ ನಿಮ್ಮದು ಅಂತ ಕಣ್ಣಲ್ಲಿ ನೀರು ತಂದುಕೊಂಡರು. ತಿಂಡಿಗೆ ಹೋದರೆ ಚಪ್ಪಾಳೆ. ಟೈಲರಮ್ಮ ಇಡ್ಲಿ ಇದೆಯಾ ಅಂತ ಕೇಳಿದ್ದಕ್ಕೂ ಚಪ್ಪಾಳೆ.

ಸಂಜೆಯಾಗುತ್ತಲೇ ಹಾಡು ಶುರುವಾಯಿತು. ಗೋಡೆ ಅದುರುತ್ತಿದೆ, ಮಂಚ ಅದುರುತ್ತಿದೆ. ಊಟ ಮಾಡಿದ ತಕ್ಷಣ ಮಲಗೋ ಜನ ನಾವು. ಸ್ವಲ್ಪ ಹೇಳಿ ಬರೋಣ ಅಂತ ಹೊರಗೆ ಬಂದಿದ್ದೇ ತಡ, ಬಂದರು ಬಂದರು ಅಂತ ಕೂಗಿ ನಮ್ಮಿಬ್ಬರನ್ನೂ ವೇದಿಕೆ ಹತ್ತಿಸಿ, ನಿಮ್ಮ ಪ್ರೀತಿಯ ಬಗ್ಗೆ ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಟೈಲರಮ್ಮ ಮೈಕು ಹಿಡಿದು ಕೈಮುಗಿದು, "ಅಪ್ಪಾ, ನಿಮ್ಮ ದಮ್ಮಯ್ಯ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ರಪ್ಪಾ" ಅಂದಳು.

ಕನ್ನಡ ಅವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದು, ಸೌಂಡ್ ಇನ್ನೂ ಜೋರು ಮಾಡಿದರು.

ನನ್ನ ಗಂಡನ ವಿಷಯ

ಮಾರನೇ ಬೇಸಿಗೆಗೆ ಬಾವುಟದ ಸಹವಾಸವೇ ಬೇಡ ಅಂತ ಘಟ್ಟದ ಮೇಲಿನ ಒಂದು ಹೋಮ್‌ಸ್ಟೇಗೆ ಹೋದೆವು. ಹಾಯಾದ ತಂಪು. ಮನೆಯ ಯಜಮಾನ್ತಿ ಬಹಳ ಅಕ್ಕರೆಯ ಹೆಂಗಸು. ನಾವು ಚೀಲ ಕೆಳಗಿಡುವ ಮೊದಲೇ ಕೇಳಿದರು, "ಇವರು ನಿಮಗೆ ಏನಾಗ್ಬೇಕು?"

ನಾನು ಬಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. "ನಾದಿನಿ ಕಣ್ರೀ. ನಮ್ಮನೆಯವರ ತಂಗಿ" ಅಂದೆ. ತಯಾರಿ ಅಲ್ಲಿಗೇ ಮುಗಿದಿತ್ತು. ನಾದಿನಿ ಇರಬೇಕಾದರೆ ಗಂಡ ಇರಬೇಕು, ಗಂಡ ಇದ್ದರೆ ಅವನು ಎಲ್ಲಾದರೂ ಇರಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ.

"ಯಜಮಾನ್ರು ಬರ್ಲಿಲ್ವಾ ಹಂಗಾರೆ?"

ಬಾಯಿಗೆ ಬಂದದ್ದು ಹೇಳಿದೆ. "ದುಬೈನಲ್ಲಿದಾರೆ ರೀ."

ಆಮೇಲೆ ಆಕೆ ಅಡುಗೆಮನೆಯಲ್ಲಿ ಟೈಲರಮ್ಮನನ್ನು, "ನಿಮ್ಮಣ್ಣ ಊರಿಗೆ ಯಾವಾಗ ಬರೋದು?" ಅಂತ ಕೇಳಿದ್ದಾರೆ. ದುಬೈ ಸುದ್ದಿ ಇವಳಿಗೆ ಗೊತ್ತಿಲ್ಲ. ಇಲ್ಲದ ಅಣ್ಣನ ಬಗ್ಗೆ ಜಾಸ್ತಿ ಪ್ರಶ್ನೆ ಬರೋದು ಬೇಡ ಅಂತ, "ಅಣ್ಣ ತೀರ್ಕಂಡ ಕಣ್ರೀ, ಹೋದ ವರ್ಷ" ಅಂದುಬಿಟ್ಟಿದ್ದಾಳೆ.

ಆಕೆ ಎರಡನ್ನೂ ಕೂಡಿಸಿ ನೋಡಿದರು. ಗಂಡ ಸತ್ತು ವರ್ಷವಾಗಿದೆ, ಹೆಂಡತಿಗೆ ಇನ್ನೂ ತಿಳಿಸಿಲ್ಲ! ಪಾಪ, ದುಬೈನಲ್ಲಿದ್ದಾನೆ ಅಂತಲೇ ಕಾಯುತ್ತಿದ್ದಾಳೆ!

ನನಗಿದೊಂದೂ ಗೊತ್ತಿಲ್ಲ. ಊಟಕ್ಕೆ ಕೂತರೆ ನನ್ನ ಎಲೆಗೆ ಮಾತ್ರ ತುಪ್ಪದ ಮೇಲೆ ತುಪ್ಪ. ನಾನು ಮಲ್ಲಿಗೆ ಮುಡಿದರೆ ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗುತ್ತಾರೆ. ಸಂಜೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನನ್ನ ಕುಂಕುಮ ನೋಡಿ ನಿಟ್ಟುಸಿರು ಬಿಟ್ಟು ಹೋದರು. ಎಂಥಾ ಒಳ್ಳೇ ಜನ, ಎಷ್ಟು ಮರ್ಯಾದೆ ಕೊಡ್ತಾರೆ ಅಂದುಕೊಂಡೆ. ಹೊರಡುವಾಗ ಆಕೆ ನನ್ನ ಎರಡೂ ಕೈ ಹಿಡಿದು, "ಏನೇ ಬಂದ್ರೂ ಧೈರ್ಯ ತಗಾಬೇಕು ಕಣಮ್ಮಾ" ಅಂದರು. ಟೈಲರಮ್ಮನನ್ನು ಮೂಲೆಗೆ ಕರೆದು, ಪಾಪದ ಹೆಂಗಸಿಗೆ ಎಷ್ಟು ದಿನ ಅಂತ ಮುಚ್ಚಿಡ್ತೀಯ ಅಂತ ಸರಿಯಾಗಿ ಬೈದರು.

ಅವಳು ನಗು ತಡೆಯಲಾರದೆ ಬಸ್ಸಿನಲ್ಲಿ ಎಲ್ಲ ಹೇಳಿದಳು. ಮದುವೆಯೇ ಆಗದೆ ವಿಧವೆಯಾದವಳು ಇಡೀ ಜಿಲ್ಲೆಗೆ ನಾನೊಬ್ಬಳೇ ಇರಬೇಕು.

ತೊಗರ್ಸಿಯ ಸಂಬಂಧ

ಇದು ಚಿಕ್ಕದು. ತೊಗರ್ಸಿಯಲ್ಲಿ ಮಲ್ಲಿಕಾರ್ಜುನನಿಗೆ ಕೈಮುಗಿದು ಹೊರಗೆ ಬಂದಾಗ ಹೂವು ಮಾರುವಾಕೆ ಮಾತಿಗೆಳೆದಳು. ನಮ್ಮಿಬ್ಬರಿಗೂ ಮದುವೆಯಾಗಿಲ್ಲ ಅಂತ ತಿಳಿದ ಕೂಡಲೇ ಹೂವಿನ ಬುಟ್ಟಿ ಪಕ್ಕಕ್ಕಿಟ್ಟಳು. ಅವಳಿಗೆ ಇಬ್ಬರು ಭಾವಂದಿರಂತೆ, ಜಮೀನಿದೆಯಂತೆ, ಹೆಣ್ಣು ಸಿಗದೆ ಇಬ್ಬರಿಗೂ ಕೂದಲು ನೆರೆತಿದೆಯಂತೆ.

"ಇಬ್ರೂ ಒಂದೇ ಮನೆ ಸೊಸೆದೀರಾಗಿ ಬರ್ರಿ ಅಕ್ಕಾರೆ. ಸಾಯೋತನಕ ಇಬ್ರೂ ಜತೆಗೇ ಇರಬೌದು ನೋಡ್ರಿ!"

ಟೈಲರಮ್ಮ ತಣ್ಣಗೆ ಹೇಳಿದಳು, "ಜತೆಗೆ ಇರಾಕೆ ಅವರಿಬ್ರು ಎಂತಕ್ಕೆ?"

ಬಂದಳಿಕೆಯ ಕಾವಲು

ದೂರ ಹೋಗಿದ್ದೇ ತಪ್ಪು, ರಾತ್ರಿ ಉಳಿಯೋದೂ ಬೇಡ, ಇಲ್ಲೇ ಒಂದು ದಿನ ನೆಮ್ಮದಿಯಾಗಿ ಕೂತು ಬರೋಣ ಅಂತ ಬಂದಳಿಕೆಗೆ ಹೋದೆವು. ಹಳೇ ಗುಡಿಗಳು, ಶಾಸನದ ಕಲ್ಲುಗಳು, ಒಳ್ಳೇ ನೆರಳು. ಸುತ್ತ ನರಪಿಳ್ಳೆ ಇರಲಿಲ್ಲ. ರೊಟ್ಟಿ, ಎಣ್ಣೆಗಾಯಿ ತಿಂದು ಮುಗಿಸಿ ಟೈಲರಮ್ಮ ನನ್ನ ಹೆಗಲಿಗೆ ತಲೆ ಆನಿಸಿದಳು. ಆಹಾ, ಇದಪ್ಪಾ ರಜೆ ಅಂದರೆ, ಅಂದುಕೊಂಡೆ.

"ಯಾವೂರವ್ವಾ?"

ಟೈಲರಮ್ಮ ಗಾಬರಿಯಾಗಿ ಮಾರು ದೂರ ಸರಿದು ಕೂತಳು. ಎದುರಿಗೆ ಊರಿನ ಅಜ್ಜನೊಬ್ಬ, ಕೈಯಲ್ಲಿ ಕೋಲು. ಶಿಕಾರಿಪುರ ಅಂದೆ. ಹೆಣ್ಮಕ್ಕಳು ಇಬ್ಬರೇ ಬಂದಿದ್ದೀರಾ ಅಂದ. ಹೂಂ ಅಂದೆ. ಅಜ್ಜ ತಲೆ ಅಲ್ಲಾಡಿಸಿದ.

"ಇಲ್ಲಿ ಜೋಡಿಗಳ ಕಾಟ ಭಾಳ ಐತ್ರವ್ವಾ. ಕಂಬದ ಹಿಂದೊಂದು, ಗುಡಿ ಹಿಂದೊಂದು. ಮರ್ಯಾದಸ್ಥರು ಕೂರಂಗಿಲ್ಲ. ನೀವೇನೂ ಹೆದರಬ್ಯಾಡ್ರಿ, ನಾನು ಇಲ್ಲೇ ಇರ್ತೀನಿ" ಅಂದವನೇ ಟವೆಲ್ಲು ಕೊಡವಿ ನಮ್ಮಿಬ್ಬರ ನಡುವಿನ ಜಾಗದಲ್ಲಿ ಕೂತೇಬಿಟ್ಟ.

ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಹುಡುಗ-ಹುಡುಗಿ ಕಂಡರು. ಅಜ್ಜ ಕೋಲೆತ್ತಿಕೊಂಡು ಎದ್ದ. ನನಗೆ ಸಿಟ್ಟು ಬಂತು. "ಕೂತ್ಕಳ್ಳಿ ಬಿಡಜ್ಜಾ, ನಿಂಗೇನು ಕಷ್ಟ? ಕಲ್ಲಲ್ಲಿ ಕೆತ್ತಿರೋ ಜೋಡಿಗಳು ಇಲ್ವಾ ಇಲ್ಲಿ?" ಅಂದೆ.

"ಅವು ಅಲ್ಲಾಡಂಗಿಲ್ಲವ್ವಾ" ಅಂದ ಅಜ್ಜ.

ಅವರನ್ನು ಅಟ್ಟಿ ಬಂದು ಮತ್ತೆ ನಮ್ಮ ನಡುವೆ ಕೂತವನು ಸಂಜೆ ಬಸ್ಸು ಬರುವವರೆಗೂ ಅಲುಗಾಡಲಿಲ್ಲ. ತನ್ನ ಮಂಡಿ ನೋವು, ಎಮ್ಮೆ ಕಳೆದದ್ದು, ಸಿಕ್ಕಿದ್ದು, ಎಲ್ಲ ಹೇಳಿದ. ಮಿಕ್ಕ ರೊಟ್ಟಿ ಕೊಟ್ಟರೆ ಖುಷಿಯಿಂದ ತಿಂದ. ಬಸ್ಸು ಹತ್ತಿದ ಮೇಲೂ ಕಿಟಕಿ ಹತ್ತಿರ ಬಂದು ಧೈರ್ಯ ಹೇಳಿದ.

"ಮುಂದಿನ ಸಲಾನೂ ಬರ್ರೆವ್ವಾ. ನಾನಿರೋತನಕ ಒಂದು ಜೋಡಿ ನಿಮ್ಮ ಹತ್ರ ಸುಳಿಯಾಕೆ ಬಿಡಂಗಿಲ್ಲ!"

ಗಿರಣಿ ಮನೆಯ ಹೊಸ್ತಿಲು

ಈ ಸಲ ಎಲ್ಲಿಗೆ ಅಂತ ನಾವು ಅಂಗಡಿಯಲ್ಲಿ ಕೂತು ಕಿತ್ತಾಡುತ್ತಿದ್ದಾಗ ಕುಪ್ಪಗಡ್ಡೆಯಿಂದ ಫೋನು ಬಂತು. ದೊಡ್ಡಮ್ಮನದು ಹಿಟ್ಟಿನ ಗಿರಣಿ. ಅದರ ಸದ್ದಿನ ಮೇಲೆ ಕೂಗಿ ಕೂಗಿ ಆಕೆಗೆ ಮೆಲ್ಲಗೆ ಮಾತಾಡೋದೇ ಮರೆತುಹೋಗಿದೆ. ಫೋನು ಟೈಲರಮ್ಮನ ಕಿವಿಯಲ್ಲಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಶ್ಯಾವಿಗೆ ಮಾಡ್ತಾ ಇದೀವಿ, ಬಾರೇ. ಬರುವಾಗ ಆ ಶಿಕಾರಿಪುರದ ಟೀಚರ್ನೂ ಕರ್ಕಂಡು ಬಾ."

ಟೈಲರಮ್ಮನ ಮುಖ ಬಿಳುಚಿಕೊಂಡಿತು. ಟೀಚರ್ ವಿಷಯ ಯಾರು ಹೇಳಿದರು, ಎಷ್ಟು ಹೇಳಿದರು? "ಕರೆಸಿ ಬೈದು ಕಳಿಸ್ತಾಳೆ ಕಣೇ. ನನ್ನ ತವರು ಮ್ಯಾಲೆ ಮಣ್ಣು ಬಿತ್ತು" ಅಂದಳು. ಬೇಡ ಬಿಡು, ಹೋಗೋದು ಬೇಡ ಅಂದೆ. ಹೋಗದಿದ್ದರೆ ಇನ್ನೂ ಕೆಟ್ಟದು ಅಂದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನನ್ನಿಂದ ಅವಳಿಗೆ ಆ ಮನೆ ತಪ್ಪಿಹೋದರೆ ನಾನು ಯಾವ ಮುಖ ಇಟ್ಟುಕೊಂಡು ಅವಳ ಜೊತೆ ಬಾಳಲಿ?

ಹೋಗಿ ನೋಡಿದರೆ ಅಂಗಳದ ತುಂಬ ಹೆಂಗಸರು. ಕೋಲುಗಳ ಮೇಲೆಲ್ಲ ಶ್ಯಾವಿಗೆ ಒಣಗುತ್ತಿದೆ. ನಮ್ಮನ್ನು ಕಂಡಿದ್ದೇ ಎಲ್ಲರ ಕೈ ನಿಂತಿತು. ದೊಡ್ಡಮ್ಮ ಗಿರಣಿ ನಿಲ್ಲಿಸಿ ಬಂದರು. ತಲೆ, ಹುಬ್ಬು, ಸೀರೆ ಎಲ್ಲಾ ಹಿಟ್ಟು. ಯಾರನ್ನೂ ಮಾತಾಡಿಸದೆ ನೆಟ್ಟಗೆ ಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ನಿಂತು, ಎರಡೂ ಕೈ ಚಾಚಿ ಅಡ್ಡ ಹಿಡಿದರು.

"ನಿಲ್ಲಿ ಅಲ್ಲೇ! ಹಂಗೇ ಒಳಗೆ ನುಗ್ಗೋದಾ?"

ಟೈಲರಮ್ಮನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ನಾನು ಚೀಲ ಎತ್ತಿಕೊಂಡೆ. ನಾನು ವಾಪಸ್ ಹೋಗ್ತೀನಿ, ಇವಳನ್ನಾದರೂ ಒಳಗೆ ಕರ್ಕೊಳ್ಳಿ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ದೊಡ್ಡಮ್ಮ ನನ್ನ ಕಡೆ ತಿರುಗಿ, "ಹೆಸರು ಹೇಳು" ಅಂದರು.

ಆ ದನಿಯಲ್ಲಿ ಕೇಳಿದರೆ ಯಾರು ಹೇಳದೆ ಇರುತ್ತಾರೆ? ಅಟೆನ್ಷನ್ನಲ್ಲಿ ನಿಂತು ನನ್ನ ಹೆಸರು, ಅಪ್ಪನ ಹೆಸರು, ಊರು, ಕೆಲಸ ಎಲ್ಲ ಒಪ್ಪಿಸಿದೆ.

"ನಿನ್ನ ಹೆಸರು ಯಾರಿಗೆ ಬೇಕಾಗಿತ್ತೇ?" ಅಂತ ಗದರಿದರು ದೊಡ್ಡಮ್ಮ. "ಅವಳ ಹೆಸರು ಹೇಳು!"

ಆಗ ತಿಳಿಯಿತು. ನಮ್ಮ ಕಡೆ ಹೊಸ ಜೋಡಿ ಮೊದಲ ಸಲ ಮನೆಗೆ ಬಂದರೆ ಬಾಗಿಲಲ್ಲಿ ತಡೆಯುತ್ತಾರೆ. ಗಂಡನ ಹೆಸರು ಹೆಂಡತಿ, ಹೆಂಡತಿಯ ಹೆಸರು ಗಂಡ, ಒಂದು ಒಡಪಿನಲ್ಲಿ ಸೇರಿಸಿ, ಪ್ರಾಸ ಕಟ್ಟಿ ಹೇಳಿದ ಮೇಲೆಯೇ ಒಳಗೆ ಬಿಡೋದು. ಎಷ್ಟು ಮದುವೆಗಳಲ್ಲಿ ನಾವಿಬ್ಬರೂ ಪಕ್ಕಕ್ಕೆ ನಿಂತು ಇದನ್ನು ನೋಡಿಲ್ಲ! ಟೈಲರಮ್ಮನಂತೂ ರವಿಕೆ ಕೊಡಲು ಹೋದ ಮನೆಗಳಲ್ಲೆಲ್ಲ, ನಾಚಿಕೆಗೆ ಬಾಯಿ ಕಟ್ಟಿದ ಮದುಮಕ್ಕಳಿಗೆ ಒಡಪು ಹೇಳಿಕೊಟ್ಟವಳು. ನಮ್ಮನ್ನು ಮಾತ್ರ ಇವತ್ತಿನವರೆಗೆ ಯಾರೂ ಬಾಗಿಲಲ್ಲಿ ತಡೆದಿರಲಿಲ್ಲ.

"ನಿಂಗೆ ಗೊತ್ತಿತ್ತಾ ದೊಡ್ಡಮ್ಮಾ?" ಅಂದಳು ಟೈಲರಮ್ಮ.

"ಗೊತ್ತಾಗದೆ ಎಂತ? ಶನಿವಾರ ನಿನ್ನಂಗಡಿಗೆ ಬಂದಾಗೆಲ್ಲ ನೋಡೀನಲ್ಲ, ಬಸ್ಸಿನ ಹೊತ್ತಾತು ಅಂದ್ರೆ ನಿನ್ನ ಕಣ್ಣು ರೋಡಲ್ಲಿ. ನನ್ನ ರವಿಕೆಗೆ ಎಡಗಡೆ ತೋಳು ಬಲಕ್ಕೆ ಹೊಲಿದಿದ್ದೆ! ನೀನಾಗೇ ಕರ್ಕಂಡು ಬರ್ತೀಯ ಅಂತ ಕಾದೆ, ಕಾದೆ. ನಂಗೂ ವಯಸ್ಸಾತಲ್ಲೇ ಮಾರಾಯ್ತಿ. ಹೂಂ, ಹೇಳ್ರೀಗ, ಶ್ಯಾವಿಗೆ ಹಿಟ್ಟು ಒಣಗ್ತದೆ."

ನನಗೆ ಡ್ರಿಲ್ ಮಾಡಿಸಿ ಗೊತ್ತೇ ಹೊರತು ಪದ ಕಟ್ಟಿ ಗೊತ್ತಿಲ್ಲ. ಕಣ್ಣು ಮುಚ್ಚಿ ಮೈದಾನದಲ್ಲಿ ಕೂಗುವ ಹಾಗೆ ಕೂಗಿದೆ:

"ಒನ್ ಟೂ ತ್ರೀ ಅಂತ ಓಡಿದ್ದಾಯ್ತು ಊರೂರು,
ಗಿರಿಜ ಇದ್ದ ಕಡೇನೇ ಇನ್ನು ನನ್ನೂರು."

ಹೆಂಗಸರೆಲ್ಲ ಹೋ ಅಂದರು. ಊರಿಗೆಲ್ಲ ಒಡಪು ಹೇಳಿಕೊಟ್ಟ ಟೈಲರಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿ ನಿಂತಿದ್ದಳು. ಹೇಳೇ, ಹೇಳೇ ಅಂತ ಸುತ್ತಲಿಂದ ಎಲ್ಲರೂ ಕಾಡಿದರು. ಕೊನೆಗೆ ಅಳುತ್ತಾ ನಗುತ್ತಾ ಅಂದಳು:

"ಊರವರಿಗೆಲ್ಲ ಹೊಲಿದುಕೊಟ್ಟೆ ಮದುವೆ ರವಿಕೆ,
ಸರೋಜ ಸಿಕ್ಕಿದ್ದು ನನ್ನ ಯಾವ ಜನ್ಮದ ಹರಕೆ."

ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಇಬ್ಬರ ಕೆನ್ನೆ ಸವರಿ ಬಾಗಿಲು ಬಿಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಇಷ್ಟು ವರ್ಷ ಎಲ್ಲೆಲ್ಲೋ ಅಲೆದೆವಲ್ಲ ಅಂತ ಸಂಕಟ, ಕೊನೆಗೂ ಬಂದೆವಲ್ಲ ಅಂತ ಸಂತೋಷ.

ಇನ್ನೇನು ಬಲಗಾಲು ಒಳಗಿಡಬೇಕು, ಶ್ಯಾವಿಗೆ ಹೊಸೆಯುತ್ತಿದ್ದ ಒಬ್ಬಾಕೆಗೆ ಅನುಮಾನ ಬಂತು. "ಎಲ್ಲಾ ಸರಿ ದೊಡ್ಡಮ್ಮಾ. ಆದ್ರೆ ಇವರಿಬ್ರಲ್ಲಿ ಗಂಡ ಯಾರು?"

ನನ್ನ ಕಾಲು ಹೊಸ್ತಿಲ ಮೇಲೇ ನಿಂತಿತು. ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ಅವಳ ಕಡೆ ತಿರುಗಿದರು.

"ನಿಮ್ಮನೇಲಿ ಯಾರು ಅಂತ ನಾನು ಯಾವತ್ತಾದ್ರೂ ಕೇಳೀನೇನೇ?"

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಆ ಪ್ರಶ್ನೆ ಕೇಳಿದವಳ ಗಂಡ. ಹೆಂಡತಿ ನಿಲ್ಲು ಅಂದಿದ್ದಾಳೆ ಅಂತ ಅಕ್ಕಿ ಚೀಲ ಹೊತ್ತುಕೊಂಡು ಗಿರಣಿ ಬಾಗಿಲಲ್ಲಿ ಅಷ್ಟು ಹೊತ್ತಿನಿಂದ ನಿಂತೇ ಇದ್ದ.